ಹಳೆ ಸಾಮಾನಿಂದ ತಾತ್ಕಾಲಿಕ ಶೆಡ್: ಕಟ್ಟಿದವರು ಯಾರಾದರೂ ಇದ್ದೀರಾ?

ಪುಣೆ, ಸಿಂಹಗಡ ರಸ್ತೆ: ಖಡಕವಾಸ್ಲಾ ಅಣೆಕಟ್ಟಿನಿಂದ ಜೋರಾಗಿ ನೀರು ಬಿಟ್ಟರೆ ಮುಠಾ ನದಿ ದಂಡೆಯ ಮನೆಗಳಿಗೆ ನುಗ್ಗುತ್ತೆ. ಅಲ್ಲಿ ನಮ್ಮ ಕಲಬುರಗಿ ಕಡೆಯ ಗೌಂಡಿಗಳೂ ಇದ್ದಾರೆ. ಮುಂದಿನ ಸಲಕ್ಕೆ ಅಂತ ಎತ್ತರದ ಜಾಗ ನೋಡಿದ್ದೀವಿ, ಸೈಟಿನ ಹಳೆ ತಗಡು, ಬೊಂಬು, ಫ್ಲೆಕ್ಸ್ ಸಿಗುತ್ತೆ. ಛಾವಣಿಗೆ ಯಾವುದು ಹಾಕೋದು?

ಧಾರಾವಿ: ಛಾವಣಿ ಆಮೇಲೆ ತಮ್ಮಾ, ಮೊದಲು ನೆಲ ನೋಡು. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಸುರೀತಲ್ಲ, ಆಮೇಲೆ ನಾವೂ ಶೆಡ್ ಹಾಕಿದ್ವಿ. ಗುಜರಿ ಗಲ್ಲಿಯವರಿಗೆ ತಗಡಿಗೇನು ಬರ! ಆದರೆ ಮೂರನೇ ದಿನಕ್ಕೆ ಹಾಸಿಗೆ ಕೆಳಗಿಂದ ನೀರು ಒಸರಿತು. ಮೇಲಿಂದ ಸೋರಿದರೆ ಪಾತ್ರೆ ಇಡಬಹುದು, ಕೆಳಗಿಂದ ಬಂದರೆ ಕೂಸನ್ನ ಎಲ್ಲಿ ಮಲಗಿಸ್ತೀ? ಖಾಲಿ ಸಿಮೆಂಟ್ ಚೀಲಕ್ಕೆ ಇಟ್ಟಿಗೆ ಚೂರು ತುಂಬಿ ಎರಡು ವರಸೆ ಹಾಸು, ಅದರ ಮೇಲೆ ಮರದ ಪ್ಯಾಲೆಟ್, ಗೋದಾಮಲ್ಲಿ ಸಾಮಾನು ಪೇರಿಸೋ ಹಲಗೆ ಚೌಕಟ್ಟು. ಸುತ್ತ ಗೇಣಗಲ ಕಾಲುವೆ ತೋಡಿ ಇಳಿಜಾರಿಗೆ ಬಾಯಿ ಬಿಡು. ಚೀಲ ಬಿಸಿಲಲ್ಲಿಡಬೇಡ, ಪುಡಿಪುಡಿಯಾಗುತ್ತೆ.

ಪುಣೆ, ಕೋಥ್ರೂಡ್: ಅಣ್ಣ ಹೇಳಿದ್ದಕ್ಕೆ ಒಂದು ಸಾಕ್ಷಿ. 1995ರಲ್ಲಿ ಜಪಾನಿನ ಕೋಬೆ ಭೂಕಂಪದ ನಂತರ ವಾಸ್ತುಶಿಲ್ಪಿ ಶಿಗೆರು ಬಾನ್ ರಟ್ಟಿನ ಕೊಳವೆಗಳಿಂದ ಮನೆ ಕಟ್ಟಿದಾಗ ತಳಕ್ಕಿಟ್ಟದ್ದು ಮರಳು ತುಂಬಿದ ಬಿಯರ್ ಕ್ರೇಟು. 2001ರ ಭೂಕಂಪ ಆದಮೇಲೆ ಗುಜರಾತಿನ ಭುಜ್‌ನಲ್ಲಿ ಅವರೇ ಕಟ್ಟಿದ ಮನೆಗೆ ಬಿದ್ದ ಕಟ್ಟಡಗಳ ಅವಶೇಷವೇ ಅಡಿಪಾಯ, ಮೇಲೆ ಮಣ್ಣಿನ ನೆಲ. ನಮಗೆ ಕೊಳವೆ ಯಾಕೆ, ಬೊಂಬೇ ಸಾಕು. ಅಳತೆಗೆ, ವಿಪತ್ತು ಪರಿಹಾರದವರು ಬಳಸೋ ಸ್ಫಿಯರ್ ಕೈಪಿಡಿ ಹೇಳೋದು ತಲೆಗೆ ಕನಿಷ್ಠ 3.5 ಚದರ ಮೀಟರ್. ಐದು ಜನಕ್ಕೆ ಹತ್ತಿರಹತ್ತಿರ 190 ಚದರ ಅಡಿ. ಹತ್ತು ಶೆಡ್ ಅಂತ ಹೇಳಿ ಹತ್ತು ಗೂಡು ಮಾಡಬೇಡಿ.

ವಾಸ್ಕೋ: ನಾ ಸೆಂಟ್ರಿಂಗ್ ಕೆಲಸದಾಕಿರೀ. ಛಾವಣಿ ಕೇಳಿದ್ರಲ್ಲ, ತಗಡ ಹಾಕ್ರಿ. ಮೊಳಿ ಉಬ್ಬಿನ ಮ್ಯಾಲ ಹೊಡೀರಿ, ತಗ್ಗಿನಾಗ ಹೊಡದ್ರ ನೀರು ಹರಿಯೋದs ಅಲ್ಲಿ. ಹಳೀ ತೂತಿಗೆ ಡಾಂಬರು. ಬರೇ ಮೊಳಿ ನಂಬಬ್ಯಾಡ್ರಿ, ತಂತಿಲೆ ಬೊಂಬಿಗೆ ಬಿಗೀರಿ. ಗಾಳಿ ಬಂದ್ರ ತಗಡ ಕತ್ತಿ ಆಗ್ತದ. ಹಳೀ ಸಿಮೆಂಟ್ ಶೀಟ್ ಮಾತ್ರ ಮುಟ್ಟಬ್ಯಾಡ್ರಿ. ಅದರಾಗ ಅಸ್ಬೆಸ್ಟಾಸ್ ಇರ್ತದ, ಕೊಯ್ದ್ರ ಆ ಧೂಳು ಪುಪ್ಪುಸಕ್ಕ ಹೋಗ್ತದ. ಫ್ಲೆಕ್ಸ್ ಗ್ವಾಡಿಗೆ ಸರಿ, ಒಲಿ ಹಂತ್ಯಾಕ ಬ್ಯಾಡ.

ಪುಣೆ, ಸಿಂಹಗಡ ರಸ್ತೆ: ಅಕ್ಕಾ, ಅಣ್ಣಾ, ನಾವು ಆಗಲೇ ಎಂಟು ಸಿಮೆಂಟ್ ಶೀಟ್ ಎತ್ತಿಟ್ಟಿದ್ದೆವು, ವಾಪಸ್ ಕೊಡ್ತೀವಿ. ಚೀಲ ಬೇಕಾದಷ್ಟಿದೆ. ಪ್ಯಾಲೆಟ್ ಸಿಗೋ ಗೋದಾಮು ಭೋಸರಿ ಕಡೆ ಯಾರಿಗಾದರೂ ಗೊತ್ತಾ?