ಬದಲಾವಣೆಗೆ ಒಪ್ಪದಿರುವುದು ಹಠವೋ, ವಿವೇಕವೋ?

ಪ್ರಶ್ನೆ

ನಾನು ಸದಸ್ಯನಾಗಿರುವ ಸಂಘದಲ್ಲಿ ಪದಾಧಿಕಾರಿಗಳ ಅವಧಿಯನ್ನು ಹೆಚ್ಚಿಸುವ ತಿದ್ದುಪಡಿಗೆ ಸಹಿ ಸಂಗ್ರಹಿಸುತ್ತಿದ್ದಾರೆ. "ಎಲ್ಲರೂ ಹಾಕಿದ್ದಾರೆ, ನಿಮ್ಮದೊಂದೇ ಬಾಕಿ" ಎಂಬುದರ ಹೊರತು ಬೇರೆ ಕಾರಣವನ್ನು ಯಾರೂ ಹೇಳುತ್ತಿಲ್ಲ. ನಾನಿನ್ನೂ ಸಹಿ ಹಾಕಿಲ್ಲ. ಆದರೆ ನನ್ನ ವಿರೋಧವು ತಿದ್ದುಪಡಿಯ ದೋಷದಿಂದ ಹುಟ್ಟಿದ್ದೋ, ಒತ್ತಾಯದಿಂದ ಕೆರಳಿದ್ದೋ, ಅಥವಾ ರೂಢಿಯಾದುದನ್ನು ಬಿಡಲಾಗದ ಸ್ವಭಾವವೋ ನನಗೇ ತಿಳಿಯುತ್ತಿಲ್ಲ. ಚುನಾವಣೆಗಳ ಸಮಯದಲ್ಲೂ ಇದೇ ಗೊಂದಲ ಕಾಡುತ್ತದೆ. ಇವನ್ನು ಬೇರ್ಪಡಿಸಿ ನೋಡುವುದು ಹೇಗೆ?

ಪ್ರತಿಕ್ರಿಯೆ 1

ಆಯ್ಕೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಿತೆಂದು ಅನಿಸಿದೊಡನೆ, ಬೇಡವೆಂದು ತಡೆಯಲಾದುದರ ಕಡೆಗೇ ಮನಸ್ಸು ವಾಲುತ್ತದೆ ಎಂದು ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲೇ ಪ್ರತಿಪಾದಿಸಿದ್ದರು. ರೂಢಿಯ ಮೋಹವನ್ನು ಅಳೆಯಲು ತತ್ತ್ವಶಾಸ್ತ್ರಜ್ಞರಾದ ನಿಕ್ ಬಾಸ್ಟ್ರಮ್ ಮತ್ತು ಟೋಬಿ ಆರ್ಡ್ 2006ರಲ್ಲಿ ಸೂಚಿಸಿದ ತಿರುಗುಮುರುಗಿನ ಪರೀಕ್ಷೆ ಉಪಯುಕ್ತ: ಅವಧಿಯನ್ನು ಹೆಚ್ಚಿಸುವುದೂ ಬೇಡ, ಕಡಿಮೆ ಮಾಡುವುದೂ ಬೇಡ ಎನ್ನುವಿರಾದರೆ, ಈಗಿರುವ ಅವಧಿಯೇ ಸರಿಯಾದ ಅಳತೆ ಎಂಬುದಕ್ಕೆ ನೀವು ಕಾರಣ ಕೊಡಬೇಕಾಗುತ್ತದೆ.

ಪ್ರತಿಕ್ರಿಯೆ 2

ಈ ಪರೀಕ್ಷೆಗೆ ನನ್ನ ಆಕ್ಷೇಪವಿದೆ. ಹಳೆಯ ನಿಯಮದ ಕಾರಣವು ಅದನ್ನು ಪಾಲಿಸುವವರಿಗೂ ಎಷ್ಟೋ ಸಲ ನೆನಪಿರುವುದಿಲ್ಲ. ಅಷ್ಟಕ್ಕೇ ಅದು ಕಾರಣವಿಲ್ಲದ ನಿಯಮವಾಗುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಎಂಬುದು ಬಹುಕಾಲ ಬರಿಯ ವಾಡಿಕೆಯಾಗಿತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1940ರಲ್ಲಿ ಮೂರನೆಯ ಬಾರಿ, 1944ರಲ್ಲಿ ನಾಲ್ಕನೆಯ ಬಾರಿ ಗೆದ್ದ ಮೇಲೆಯೇ ಅದನ್ನು ಸಂವಿಧಾನದಲ್ಲಿ ಬರೆದಿಡಬೇಕೆಂಬ ಒತ್ತಾಯ ಬಲಗೊಂಡು, 1951ರಲ್ಲಿ 22ನೇ ತಿದ್ದುಪಡಿ ಅಂಗೀಕಾರವಾಯಿತು. ಆದ್ದರಿಂದ ಕಾರಣ ಕೊಡುವ ಹೊಣೆ ಮೊದಲು ಬದಲಿಸಹೊರಟವರದು. ಅದರಲ್ಲೂ ಆ ಬದಲಾವಣೆಯ ಲಾಭ ಅವರಿಗೇ ಆಗುವಾಗ.

ಪ್ರತಿಕ್ರಿಯೆ 3

ನೀವಿಬ್ಬರೂ ತಿದ್ದುಪಡಿಯ ಗುಣದೋಷವನ್ನು ಚರ್ಚಿಸುತ್ತಿದ್ದೀರಿ. ನನಗೆ ಕಾಣುವ ಮುಖ್ಯ ದೋಷ ಸಹಿ ಪಡೆಯುವ ರೀತಿಯಲ್ಲೇ ಇದೆ. ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂತಹ ಸರಳ ವಿಷಯದಲ್ಲೂ, ಉಳಿದವರೆಲ್ಲ ಒಕ್ಕೊರಲಿನಿಂದ ತಪ್ಪು ಹೇಳಿದಾಗ ಸುಮಾರು ಮುಕ್ಕಾಲು ಪಾಲು ಜನರು ಒಮ್ಮೆಯಾದರೂ ಆ ತಪ್ಪಿಗೆ ದನಿಗೂಡಿಸಿದರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ಈ ಮಣಿಯುವಿಕೆ ಬಹಳ ಇಳಿಯಿತು. ದಾಕ್ಷಿಣ್ಯಕ್ಕೆ ಬಿದ್ದು ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಎಣಿಸುವುದು ಹೇಗೆ? ಬ್ರಿಟನ್ನಿನಲ್ಲಿ 1872ರವರೆಗೆ ಸಂಸತ್ತಿನ ಚುನಾವಣೆಯ ಮತವನ್ನು ಬಹಿರಂಗವಾಗಿ ಹೇಳಬೇಕಿತ್ತು. ಗೇಣಿದಾರನು ಯಾರಿಗೆ ಮತ ಕೊಟ್ಟನೆಂಬುದು ಜಮೀನ್ದಾರನಿಗೆ ತಿಳಿಯುತ್ತಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳು 1856ರಲ್ಲೇ ಗುಪ್ತ ಮತದಾನವನ್ನು ಜಾರಿಗೆ ತಂದಿದ್ದವು. ಸರ್ವಸದಸ್ಯರ ಸಭೆಯಲ್ಲಿ ಗುಪ್ತ ಮತದಾನ ನಡೆಸುವಂತೆ ಲಿಖಿತವಾಗಿ ಕೇಳಿ.

ಪ್ರಶ್ನಿಸಿದವರು

ಅವಧಿಯನ್ನು ಕಡಿಮೆ ಮಾಡುವ ಪ್ರಸ್ತಾವ ಬಂದಿದ್ದರೆ ನಾನು ಸಂತೋಷದಿಂದಲೇ ಒಪ್ಪುತ್ತಿದ್ದೆ. ಆದ್ದರಿಂದ ಇದು ಬರಿಯ ರೂಢಿಯ ಮೋಹವಲ್ಲ. ಕೆರಳಿದ್ದು ಎಷ್ಟು ಪಾಲು ಎಂಬುದನ್ನು ಈಗಲೇ ಹೇಳಲಾರೆ. ಗುಪ್ತ ಮತದಾನವನ್ನು ಕೇಳಿ ಪತ್ರ ಕೊಡುತ್ತೇನೆ, ಆದರೆ ಅದರಲ್ಲಿ ನನ್ನ ನಿಲುವನ್ನು ಬರೆಯುವುದಿಲ್ಲ.

ಪ್ರತಿಕ್ರಿಯೆ 3

ನಿಲುವನ್ನೂ ಬರೆಯುವುದು ಒಳ್ಳೆಯದು. ಆಶ್ ನಡೆಸಿದ ಅದೇ ಪ್ರಯೋಗಗಳಲ್ಲಿ ಗುಂಪಿನ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಎಲ್ಲರ ಮುಂದೆ ಹೇಳಿದಾಗಲೂ ಮಣಿಯುವವರ ಪ್ರಮಾಣ ತೀವ್ರವಾಗಿ ಕುಸಿದಿತ್ತು. ನಿಮ್ಮಂತೆಯೇ ಯೋಚಿಸುತ್ತಾ ಸುಮ್ಮನಿರುವ ಸದಸ್ಯರಿದ್ದರೆ, ಮತಪೆಟ್ಟಿಗೆಯೊಳಗಿನ ನಿಮ್ಮ ಚೀಟಿ ಅವರಿಗೆ ಕಾಣುವುದಿಲ್ಲ.