ಅಪ್‌ಡೇಟ್: ಹಳೇ ಕಾರಿನ ರೇಡಿಯೇಟರ್ ಹೋಸ್ ಕೊನೆಗೂ ಚೇಂಜ್ ಮಾಡಿಸ್ದೆ

ಹೋದ ವಾರ ಇಲ್ಲಿ ಕೇಳಿದ್ನಲ್ಲ, 2005ರ ಕಾರು, ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರ್ತಿದೆ, ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಕಮ್ಮಿಯಾಗ್ತಿದೆ, ಅದನ್ನ ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಸಾಗಿಸೋ ರಬ್ಬರ್ ಹೋಸ್ ಚೇಂಜ್ ಮಾಡ್ಬೇಕಾ ಅಂತ. ಮಾಡ್ಲೇಬೇಕಿತ್ತು. ಹೋಸ್ ತುದಿ ಬಿಗಿಯೋ ಕ್ಲಾಂಪ್ ಟೈಟ್ ಮಾಡಿದೆ, ರೇಡಿಯೇಟರ್ ಕ್ಯಾಪೂ ಹೊಸದು ಹಾಕಿಸ್ದೆ, ಎರಡರಿಂದ್ಲೂ ಏನೂ ಆಗ್ಲಿಲ್ಲ. ಕೆಲಸಕ್ಕೆ ಬಂದಿದ್ದು, ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಹೋಸ್ ಹಿಸುಕಿ ನೋಡಿ ಅಂತ ಇಲ್ಲಿ ಉತ್ತರ ಕೊಟ್ಟವ್ರು ಅಂದ್ರಲ್ಲ, ಅದು. ನಡುವೆ ಗಟ್ಟಿಯಾಗೇ ಇತ್ತು, ಕ್ಲಾಂಪ್ ಹತ್ರ ಮಾತ್ರ ಮೆತ್ತಗೆ, ಒತ್ತಿದ್ರೆ ಒಳಗೆ ಕರಕರ ಅನ್ನೋದು. ಬಿಚ್ಚಿ ಸೀಳಿ ನೋಡಿದ್ರೆ ಹೊರಗೆ ಚೆನ್ನಾಗಿ ಕಾಣ್ತಿದ್ದ ರಬ್ಬರ್ ಒಳಗಡೆ ಉದ್ದಕ್ಕೆ ಬಿರುಕು ಬಿಟ್ಟಿತ್ತು! ಒಳಗಿಂದ್ಲೇ ಹಾಳಾಗತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಮೇಲಿಂದು, ಕೆಳಗಿಂದು, ಹೀಟರ್‌ದು ಎಲ್ಲಾ ಹೋಸು ಕ್ಲಾಂಪ್ ಸಮೇತ ಹೊಸದು, ಕೂಲೆಂಟು ಡಿಸ್ಟಿಲ್ಡ್ ವಾಟರು ಅರ್ಧರ್ಧ ತುಂಬಿಸಿ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ತೆಗೆಸ್ದೆ. ನಿನ್ನೆ ಸಕಲೇಶಪುರ ಹತ್ತಿ ಬಂದೆ, ಮುಳ್ಳು ಅರ್ಧ ಬಿಟ್ಟು ಅಲ್ಲಾಡ್ಲಿಲ್ಲ. ಹಿಸುಕಿ ನೋಡಿ ಅಂದವ್ರಿಗೆ ತುಂಬಾ ಥ್ಯಾಂಕ್ಸ್.