ಕ್ಲಾಸಿನಲ್ಲಿ ನಮ್ಮ ಕಡೆಯ ಕೇಸ್ ಸ್ಟಡಿ ಮಾಡಿಸಿದವರು ಇದ್ದೀರಾ?

ಕುಮಟಾದಿಂದ ಪ್ರಶ್ನೆ:

ಈ ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಕೇಸ್ ಸ್ಟಡಿ, ಅಂದರೆ ಒಂದು ಸನ್ನಿವೇಶ ಕೊಟ್ಟು ಮಕ್ಕಳಿಂದ ಚರ್ಚೆ, ಮಾಡಿಸಲೇಬೇಕು. ಪುಸ್ತಕದಲ್ಲಿ ಇರೋದೆಲ್ಲ ದೂರದ ದೊಡ್ಡ ಕಂಪನಿಗಳ ಕಥೆ. ಮಕ್ಕಳು ಓದುತ್ತಾರೆ, ಹಿಂದಿನ ಪುಟದ ಉತ್ತರವನ್ನೇ ಒಪ್ಪಿಸುತ್ತಾರೆ, ಅಲ್ಲಿಗೆ ಮುಗೀತು. ನಮ್ಮ ಜಿಲ್ಲೆಯ ವಿಷಯ ಇಟ್ಟುಕೊಂಡು ಮಾಡಿದವರು ನಿಮ್ಮ ಅನುಭವ ಹೇಳಿ. ಎಷ್ಟು ಉದ್ದ ಬರೀಬೇಕು? ಕ್ಲಾಸಿನಲ್ಲಿ ಜಗಳ ಆದ್ರೆ ಏನು ಮಾಡೋದು?

ಶಿರಸಿಯಿಂದ:

ಮೇಡಂ, ಹನ್ನೊಂದು ವರ್ಷದಿಂದ ಮಾಡಿಸುತ್ತಿದ್ದೇನೆ. ಮೊದಲ ಮೂರು ವರ್ಷ ತಪ್ಪಾಗಿಯೇ ಮಾಡಿಸಿದೆ. ಕಥೆಯನ್ನು ಕೊನೇತನಕ ಬರೆದು ಕೊಡುತ್ತಿದ್ದೆ. ಇಂಥ ಸಂಘ ನಷ್ಟಕ್ಕೆ ಬಿತ್ತು, ಯಾಕೆ ಬಿತ್ತು ಹೇಳಿ, ಅಂತ. ಆಗಿಹೋದ ಮೇಲೆ ತಪ್ಪು ಹುಡುಕುವುದು ಬಹಳ ಸುಲಭ, ಎಲ್ಲರೂ ಜಾಣರಾಗಿಬಿಡುತ್ತಾರೆ. ಹತ್ತೇ ನಿಮಿಷ, ‘ಕಾರ್ಯದರ್ಶಿ ಸರಿ ಇರಲಿಲ್ಲ’ ಅಂತ ಹೇಳಿ ಸುಮ್ನೆ ಕೂರುತ್ತಿದ್ದರು.

ಈ ಪದ್ಧತಿ ಶುರುವಾದದ್ದೇನೋ ತೀರ್ಪಿನಿಂದಲೇ. 1870ರಲ್ಲಿ ಲ್ಯಾಂಗ್‌ಡೆಲ್ ಎಂಬವರು ಹಾರ್ವರ್ಡ್ ಕಾನೂನು ಕಾಲೇಜಿನಲ್ಲಿ ಕೋರ್ಟಿನ ತೀರ್ಪುಗಳನ್ನೇ ಓದಿಸಿ ಪಾಠ ಮಾಡಲು ಹೊರಟರು. ಅಲ್ಲಿ ಕೊನೆ ಗೊತ್ತಿರುತ್ತದೆ. ಆಮೇಲೆ ಅಲ್ಲಿನ ಬಿಸಿನೆಸ್ ಸ್ಕೂಲು, ನಮ್ಮಲ್ಲಿ ಅಹಮದಾಬಾದಿನ ಐಐಎಂ ಇದನ್ನು ಹಿಡಿದ ಮೇಲೆ ಬೇರೆ ರೂಪ ಬಂತು. ಒಬ್ಬ ಮನುಷ್ಯ ಏನಾದರೂ ನಿರ್ಧಾರ ಮಾಡಲೇಬೇಕಾದ ಜಾಗಕ್ಕೆ ಕಥೆ ನಿಂತುಹೋಗುತ್ತದೆ. ಮುಂದಿನದು ಓದುವವರ ಪಾಲು. ನಾನೂ ಹಾಗೆ ನಿಲ್ಲಿಸಲು ಕಲಿತೆ, ಕ್ಲಾಸೇ ಬದಲಾಯಿತು.

ಒಂದು ಉದಾಹರಣೆ ಹೇಳುತ್ತೇನೆ. ಘಟ್ಟದ ಮೇಲಿನ ಒಂದು ಹಳ್ಳಿ, ಹಾಲಿನ ಡೈರಿ. ಹೊಸ ಕಾರ್ಯದರ್ಶಿಗೆ ಇಪ್ಪತ್ತನಾಲ್ಕು ವರ್ಷ, ಸೇರಿ ಒಂದು ತಿಂಗಳು. ಬೆಳಿಗ್ಗೆ ಆರೂವರೆ, ಜಿಟಿಜಿಟಿ ಮಳೆ, ಕ್ಯಾನು ಹಿಡಿದು ಹದಿನೈದು ಜನ ಸಾಲಿನಲ್ಲಿದ್ದಾರೆ. ಡೈರಿ ಪಕ್ಕದ ಮನೆಯ ಅಜ್ಜಿ ಎರಡು ಲೀಟರ್ ತಂದಿದ್ದಾರೆ. ಚಿಕ್ಕಂದಿನಲ್ಲಿ ಇವನಿಗೆ ಎಷ್ಟೋ ಸಲ ಊಟ ಹಾಕಿದವರು. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವ ಕೊಳವೆ, ಲ್ಯಾಕ್ಟೋಮೀಟರ್, ಇಳಿಬಿಟ್ಟು ನೋಡಿದರೆ ಡಿಗ್ರಿ ಕಡಿಮೆ. ಆ ವಾರದಲ್ಲಿ ಇದು ಮೂರನೇ ಸಲ. ಅಜ್ಜಿಯ ಹಿಂದೆ ನಿಂತವರ ಹಾಲನ್ನು ಇದೇ ಕಾರಣಕ್ಕೆ ನಿನ್ನೆ ವಾಪಸ್ ಕಳಿಸಿದ್ದಾನೆ. ಅವರು ಈಗ ಬಗ್ಗಿ ನೋಡುತ್ತಿದ್ದಾರೆ. ಅಲ್ಲಿಗೆ ನಿಲ್ಲಿಸಿದೆ.

ಅರ್ಧ ಕ್ಲಾಸು ‘ನಿಯಮ ಅಂದರೆ ನಿಯಮ’ ಅಂದಿತು. ಇನ್ನರ್ಧ ಅಜ್ಜಿಯ ಕಡೆ. ಅರ್ಧ ಗಂಟೆ ಇದೇ ಎಳೆದಾಟ. ಆಗ ಕಿಟಕಿ ಪಕ್ಕದ ಒಬ್ಬ ಹುಡುಗಿ, ಅಲ್ಲಿವರೆಗೆ ಬಾಯಿ ಬಿಡದವಳು, ಕೇಳಿದಳು: “ಸರ್, ಆ ಅಜ್ಜಿ ಮನೆ ಡೈರಿ ಪಕ್ಕ ಅಲ್ವಾ? ಹಾಲು ಇನ್ನೂ ಬೆಚ್ಚಗೇ ಇತ್ತೇನೋ.” ಆ ಹುಡುಗಿಯ ಮನೆಯಲ್ಲಿ ನಾಲ್ಕು ಹಸು. ಆಗಷ್ಟೇ ಕರೆದ ಹಾಲಿಗೆ ಡಿಗ್ರಿ ಕಡಿಮೆ ತೋರಿಸುತ್ತದೆ ಅಂತ ಅವಳಿಗೆ ಗೊತ್ತು. ಲ್ಯಾಕ್ಟೋಮೀಟರಿನ ಗುರುತು ಇರುವುದು ಒಂದು ನಿಗದಿತ ಉಷ್ಣತೆಗೆ. ಹಾಲು ಅದಕ್ಕಿಂತ ಬೆಚ್ಚಗಿದ್ದರೆ ತೆಳುವಾಗಿರುತ್ತದೆ, ಕೊಳವೆ ಜಾಸ್ತಿ ಮುಳುಗುತ್ತದೆ. ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಮಾಡಬೇಕು. ಕೇಸ್ ಬರೆದವನು ನಾನೇ, ನನಗೇ ಹೊಳೆದಿರಲಿಲ್ಲ.

ಅಲ್ಲಿಂದ ಮಾತಿನ ದಾರಿಯೇ ಬೇರೆಯಾಯಿತು. ಡೈರಿಯಲ್ಲಿ ಥರ್ಮಾಮೀಟರ್ ಇದೆಯಾ? ಆ ಹುಡುಗನಿಗೆ ಯಾರಾದರೂ ಕಲಿಸಿದ್ದಾರಾ? ನಿನ್ನೆ ವಾಪಸ್ ಹೋದ ಹಾಲಿನ ಕಥೆ ಏನು? ಅಜ್ಜಿಗೆ ನೀರು ಬೆರೆಸುವವರು ಅನ್ನೋ ಹೆಸರು ಬಂದಾಗಿದ್ದರೆ ಅದನ್ನು ತೊಳೆಯೋದು ಹೇಗೆ? ಒಳ್ಳೆಯವರು ಕೆಟ್ಟವರು ಅನ್ನೋ ಮಾತು ಹೋಗಿ, ಸಂಘ ಹೇಗೆ ನಡೆಯುತ್ತದೆ ಅನ್ನೋ ಮಾತು ಬಂತು. ನನಗೆ ಬೇಕಿದ್ದದ್ದು ಇದೇ.

ಉದ್ದ ಎರಡು ಪುಟ ಸಾಕು. ಹಿಂದಿನ ದಿನವೇ ಕೊಡಿ. ಲೆಕ್ಕದ ಪುಸ್ತಕದ ಒಂದು ಹಾಳೆಯಂಥದ್ದು ಜೊತೆಗಿರಲಿ, ಮಕ್ಕಳು ಅಂಕಿ ನೋಡಿ ಮಾತಾಡಲು ಕಲಿಯುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ‘ನೀವು ಅಲ್ಲಿದ್ದರೆ ಈಗ ಏನು ಹೇಳುತ್ತೀರಿ’ ಅಂತಲೇ. ‘ಜನರಲ್ಲಿ ಅರಿವು ಮೂಡಿಸಬೇಕು’ ಅಂತ ಬರೆದರೆ ನಾನು ಅಂಕ ಕೊಡುವುದಿಲ್ಲ. ಯಾರು, ಯಾವತ್ತು, ಯಾರ ಹತ್ತಿರ ಹೋಗಿ ಏನು ಕೇಳಬೇಕು, ಅದನ್ನು ಬರೀಬೇಕು.

ಇನ್ನೊಂದು ವಿಷಯ, ಇದು ನನ್ನನ್ನು ಈಗಲೂ ಕಾಡುತ್ತದೆ. ಒಂದು ಸಲ ಒಂದು ಸಹಕಾರಿ ಸಂಘದ ಸಾಲದ ಕಥೆ ಬರೆದೆ. ಹೆಸರು ಬದಲಿಸಿದ್ದೆ, ಆದರೆ ಕೆರೆ ದಂಡೆ, ಹಳೇ ಜೀಪು, ಎಲ್ಲ ಹಾಗೇ ಇತ್ತು. ಆ ಕಥೆಯಲ್ಲಿದ್ದ ಮನುಷ್ಯನ ಮಗಳು ಅದೇ ಕ್ಲಾಸಿನಲ್ಲಿದ್ದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಪುಸ್ತಕ ಮಡಚಿ ಎದ್ದು ಹೋದಳು. ಸಂಜೆಯೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಮ್ಮದು ಎಲ್ಲರಿಗೆ ಎಲ್ಲರೂ ನೆಂಟರಾಗುವ ಜಿಲ್ಲೆ ಮೇಡಂ, ಹೆಸರು ಬದಲಿಸಿದರೆ ಸಾಲದು. ಈಗ ಊರು, ವರ್ಷ, ವಯಸ್ಸು ಎಲ್ಲ ಬದಲಿಸುತ್ತೇನೆ, ಆಮೇಲೆ ಕಥೆ ಹೇಳಿದವರಿಗೇ ಓದಿಸಿ, ಅವರು ಹೂಂ ಅಂದ ಮೇಲೆಯೇ ಕ್ಲಾಸಿಗೆ ತರುತ್ತೇನೆ.

ಕಾರವಾರದಿಂದ:

ಜಗಳದ ಬಗ್ಗೆ ಕೇಳಿದಿರಿ. ನಾನು ಮೀನುಗಾರಿಕೆಯ ವಿಷಯ ತಗೊಳ್ಳುತ್ತೇನೆ, ಜಗಳ ಆಗಿಯೇ ಆಗುತ್ತದೆ. ರಂಪಣಿ ಬಲೆ ಗೊತ್ತಲ್ವಾ, ದಂಡೆಯಲ್ಲಿ ನಿಂತು ಹತ್ತಾರು ಜನ ಎಳೆಯೋದು, ಬಂದದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು, ಸಮುದ್ರದಲ್ಲೇ ಮೀನಿನ ಹಿಂಡಿನ ಸುತ್ತ ದೊಡ್ಡ ಬಲೆ ಹಾಕಿ ಹಿಡಿಯುವ ಯಂತ್ರದ ಬೋಟುಗಳು. ಬಂಗುಡೆ, ತಾರ್ಲೆ ದಂಡೆಗೆ ಬರೋ ಮೊದಲೇ ಅವುಗಳ ಬಲೆಗೆ ಬೀಳತೊಡಗಿದವು. ರಂಪಣಿಯಲ್ಲಿ ಪಾಲಿರುವ ಒಬ್ಬರಿಗೆ ಬೋಟಿಗೆ ಸಾಲ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಸಾಲ ತಗೊಂಡರೆ ಜೊತೆಗೆ ಬಲೆ ಎಳೆದವರನ್ನು ಬಿಟ್ಟ ಹಾಗೆ. ಸಾಲ ಬೇಡ ಅಂದರೆ ಮಗ ಗೋವಾಕ್ಕೆ ಕೂಲಿಗೆ ಹೋಗುತ್ತಾನೆ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಉತ್ತರ ಕೊಡಬೇಕು.

ನಾನು ಮಾಡೋದು ಇಷ್ಟೇ, ಯಾರ ಪಾತ್ರದಲ್ಲಿ ಮಾತಾಡಬೇಕು ಅಂತ ಬರೆದ ಚೀಟಿ ಕೊಡುತ್ತೇನೆ, ಅದನ್ನು ಅದಲುಬದಲು ಮಾಡುತ್ತೇನೆ. ಬೋಟ್ ಇರುವ ಮನೆಯ ಹುಡುಗನಿಗೆ ಮೀನು ಮಾರುವ ಹೆಂಗಸಿನ ಚೀಟಿ. ನಾಡದೋಣಿ ಮನೆಯವನಿಗೆ ಬ್ಯಾಂಕ್ ಮ್ಯಾನೇಜರ್ ಚೀಟಿ. ಒಮ್ಮೆ ಬೋಟಿನ ಮನೆಯ ಹುಡುಗನೊಬ್ಬ ‘ದಂಡೆಗೆ ಮೀನು ಬರದಿದ್ದರೆ ನಾನು ಬುಟ್ಟಿಗೆ ಏನು ಹಾಕ್ಕೊಳ್ಳಲಿ’ ಅಂತ ಕೇಳಿ, ಆ ಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಕೆಲವನ್ನು ನಾನು ಮುಟ್ಟುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ, ಹೊಳೆ, ಇಲಾಖೆಗಳು, ಎಲ್ಲ ಸೇರಿದ ದೊಡ್ಡ ವಿಷಯ, ಕಲಿಯಲು ಬಹಳ ಇದೆ. ಆದರೆ ಆ ನೋವು ಇನ್ನೂ ಹಸಿ. ಗುಂಪು ಮಾಡಿ ಚರ್ಚಿಸಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾರವಾರದ ನೌಕಾನೆಲೆ ಯೋಜನೆ, ಸೀಬರ್ಡ್, ಅದರ ವಿಷಯ ಬೇರೆ. ನೌಕಾನೆಲೆಗೆ ಅಡಿಗಲ್ಲು ಹಾಕಿದ್ದು 1986ರಲ್ಲಿ, ಅದಕ್ಕೆ ಮನೆ ಜಾಗ ಬಿಟ್ಟು ನಿರಾಶ್ರಿತರಾದವರು ಈಗಿನ ಮಕ್ಕಳ ಅಜ್ಜ ಅಜ್ಜಿಯರೇ. ಮನೆಯಲ್ಲೇ ಕೇಳಿ ಬರೆದುಕೊಂಡು ಬನ್ನಿ ಅನ್ನುತ್ತೇನೆ. ತೆಂಗಿನ ಮರ ಎಷ್ಟಿತ್ತು, ಪರಿಹಾರದ ದುಡ್ಡು ಯಾರ ಕೈಗೆ ಬಂತು, ಅಜ್ಜಿಯನ್ನು ಯಾರಾದರೂ ಕೇಳಿದ್ರಾ ಅಂತ.

ಅಂಕೋಲೆಯಿಂದ:

ನಾನು ಮೇಷ್ಟ್ರಲ್ಲ, ಸ್ವಸಹಾಯ ಸಂಘಗಳ ತರಬೇತಿಗೆ ಹೋಗುವವಳು. ನಮ್ಮ ಅಕ್ಕಂದಿರಲ್ಲಿ ಎಷ್ಟೋ ಜನರಿಗೆ ಓದಲು ಕಷ್ಟ, ಹಾಗಾಗಿ ನಾನು ಬಾಯಲ್ಲೇ ಹೇಳುತ್ತೇನೆ. ಕಂತು ಕಟ್ಟದ ಒಬ್ಬಳು, ಗಂಡ ಆಸ್ಪತ್ರೆಯಲ್ಲಿ, ಗುಂಪಿಗೆ ನಾಳೆ ಬ್ಯಾಂಕಿನ ಕಂತು. ಮಾತು ನಿಲ್ಲಿಸಿದ ಮೇಲೆ ಸುಮ್ಮನಿರುವುದೇ ಕಷ್ಟ, ನಾವೇ ಉತ್ತರ ಹೇಳಿಬಿಡಬೇಕು ಅನಿಸುತ್ತದೆ. ಹೇಳಬೇಡಿ. ನೂರು ಎಣಿಸಿ. ಯಾರಾದರೂ ಒಬ್ಬರು ಶುರು ಮಾಡಿಯೇ ಮಾಡುತ್ತಾರೆ.

ಕುಮಟಾದಿಂದ:

ತುಂಬಾ ಉಪಕಾರ ಆಯ್ತು. ಸೋಮವಾರ ಹಾಲಿನ ಕೇಸನ್ನೇ ಮಾಡಿಸಬೇಕು ಅಂತಿದ್ದೇನೆ. ಆ ಎರಡು ಪುಟ ಕೊಡಬಹುದಾ ಸರ್?

ಶಿರಸಿಯಿಂದ:

ಇವತ್ತೇ ಕಳಿಸುತ್ತೇನೆ ಮೇಡಂ. ಹಾಲು ಬೆಚ್ಚಗಿತ್ತು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಅಜ್ಜಿಯ ಮನೆ ಪಕ್ಕದಲ್ಲೇ ಅಂತ ಮಾತ್ರ ಇದೆ. ನೀವೂ ಹೇಳಬೇಡಿ.